ನಮ್ಮ ದಿನದೊಳಗೇ ಇದೆ ನಮ್ಮ ಹಾಡು

(ಸ್ವಸಹಾಯ ಸಂಘಗಳ ಸದಸ್ಯೆಯರ ತಾಲ್ಲೂಕು ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳಿಗ್ಗೆಯಿಂದ ಸಾಲ, ಬಡ್ಡಿ, ಕಂತು, ಲೆಕ್ಕದ ಪುಸ್ತಕ ಇವುಗಳ ವಿಚಾರ ಕೇಳಿದ್ದೀರಿ. ಈಗ ಹಾಡು, ಕಥೆ, ನಾಟಕದ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದಾರೆ. ಊಟಕ್ಕೆ ಮೊದಲು ಎಲ್ಲರ ಮನಸ್ಸು ಸ್ವಲ್ಪ ಹಗುರವಾಗಲಿ ಎಂದು ಹೀಗೆ ಇಟ್ಟಿರಬಹುದು. ಆದರೆ ನನ್ನ ಪ್ರಕಾರ ಹಾಡು ಬರೀ ಮನಸ್ಸು ಹಗುರ ಮಾಡುವ ಸಾಧನವಲ್ಲ. ಹೊಡೆತ ತಿನ್ನುವ ಹೆಣ್ಣು ಬದುಕಿ ಉಳಿಯುವುದಕ್ಕೂ ನಾವು ಕಟ್ಟುವ ಹಾಡಿಗೂ ಸಂಬಂಧವಿದೆ. ಅದು ಹೇಗೆ ಎಂಬುದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಹಳ್ಳಿಗಳ ಸಂಘಗಳಲ್ಲಿ ಹಾಡು ಕಟ್ಟಿಸುವ, ಬೀದಿ ನಾಟಕ ಆಡಿಸುವ ಕೆಲಸವನ್ನು ನಾನು ಬಹಳ ವರ್ಷಗಳಿಂದ ಮಾಡುತ್ತಿದ್ದೇನೆ. ಎಲ್ಲಿ ಹೋದರೂ ಮೊದಲ ದಿನ ಕೇಳಿಬರುವ ಮಾತು ಒಂದೇ. "ನಮಗೇನ್ ಬರತೈತ್ರೀ ಅಕ್ಕಾರ? ನಾವು ಸಾಲಿ ಕಲಿತವರಲ್ಲ. ಹಾಡು ಬರಿಯೂದು ದೊಡ್ಡವರ ಕೆಲಸ." ಇದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ. "ಬರೀಬೇಕಂದ್ರ ಏನಾರ ವಿಶೇಷ ಆಗಬೇಕಲ್ರೀ? ನಮ್ಮ ಮನ್ಯಾಗ ಏನ್ ವಿಶೇಷ ಐತಿ? ಮುಂಜಾನೆ ಎದ್ದು ಕಸ, ಮುಸುರಿ, ರೊಟ್ಟಿ, ಹೊಲ, ಸಂಜಿಗೆ ಮತ್ತ ರೊಟ್ಟಿ."

ಓದು ಬರುವುದಿಲ್ಲ, ಬದುಕಿನಲ್ಲಿ ವಿಶೇಷವಿಲ್ಲ ಎಂಬ ಈ ಎರಡು ಮಾತುಗಳನ್ನೇ ಮೊದಲು ಸ್ವಲ್ಪ ಪರೀಕ್ಷೆ ಮಾಡೋಣ.

ನಮ್ಮ ಹಿರಿಯರು ಎಲ್ಲಿಂದ ತಂದರು?

ಹಿಟ್ಟಿನ ಗಿರಣಿ ಬರುವ ಮೊದಲು ಮನೆ ಮನೆಯಲ್ಲೂ ಬೀಸುಕಲ್ಲು ಇತ್ತು. ಕೋಳಿ ಕೂಗುವ ಹೊತ್ತಿಗೆ ಎದ್ದು, ಇಬ್ಬರು ಎದುರು ಬದುರು ಕುಳಿತು ಗೂಟ ಹಿಡಿದು ಬೀಸುತ್ತಿದ್ದರು. ಕೈಗೆ ಕೆಲಸ, ಬಾಯಿಗೆ ಬಿಡುವು. ಕಲ್ಲು ತಿರುಗುವ ಗತ್ತಿಗೆ ಮೂರು ಸಾಲಿನ ಪದ ತಾನಾಗಿ ಹೊಂದಿಕೊಳ್ಳುತ್ತಿತ್ತು. ಅದೇ ನಮ್ಮ ತ್ರಿಪದಿ. ತವರಿನ ನೆನಪು, ಅಣ್ಣ ಕರೆಯಲು ಬರಲಿಲ್ಲವೆಂಬ ದುಃಖ, ಕೂಸಿನ ನಗೆ, ಅತ್ತೆಯ ಮಾತಿನ ಚುಚ್ಚು ಎಲ್ಲವೂ ಅದರಲ್ಲಿ ಬಂದಿವೆ. ಹಗಲಿನಲ್ಲಿ ಬಾಯಿ ಬಿಟ್ಟು ಹೇಳಲಾಗದ್ದನ್ನು ಕಲ್ಲಿನ ಸದ್ದಿನ ಮರೆಯಲ್ಲಿ ಹೇಳಬಹುದಿತ್ತು.

ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಇಂಥ ಪದಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕ ತಂದರು. ದೊಡ್ಡ ದೊಡ್ಡ ಕವಿಗಳು ಇಂಥ ಪದಗಳನ್ನು ಓದಿ ತಲೆದೂಗಿದರು. ಆದರೆ ಆ ಪದ ಕಟ್ಟಿದ ಹೆಣ್ಣುಮಕ್ಕಳ ಹೆಸರು ಯಾರಿಗೂ ಗೊತ್ತಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಅಕ್ಷರ ಬರುತ್ತಿರಲಿಲ್ಲ. ಅವರ ಬದುಕಿನಲ್ಲೂ ನೀವು ಹೇಳುವಂಥ 'ವಿಶೇಷ' ಏನೂ ಇರಲಿಲ್ಲ. ಇದ್ದದ್ದು ಜೋಳ, ಕಲ್ಲು, ನಸುಕಿನ ಕತ್ತಲೆ ಮತ್ತು ಎದುರಿಗೆ ಕುಳಿತ ಇನ್ನೊಬ್ಬ ಹೆಂಗಸು. ಹಾಡು ಹುಟ್ಟಲು ಅಷ್ಟೇ ಸಾಕಾಯಿತು.

ಇನ್ನೂ ಹಿಂದಕ್ಕೆ ಹೋಗಿ ನೋಡಿ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಕದಿರ ರೆಮ್ಮವ್ವೆ ಎಂಬವಳು ನೂಲು ತೆಗೆದು ಬದುಕಿದವಳು. ದೊಡ್ಡ ವಿಚಾರ ಹೇಳುವುದಕ್ಕೆ ಅವಳು ಬೇರೆಲ್ಲೂ ಹೋಗಲಿಲ್ಲ. ತನ್ನ ರಾಟೆಯನ್ನೇ, ಅದರ ಕದಿರನ್ನೇ ವಚನಕ್ಕೆ ತಂದಳು. ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತಿರಬಹುದು. ಅವಳ ಗಂಡ ಮಾರಯ್ಯ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ತಂದಾಗ, ನಮಗೆ ಇಷ್ಟು ಬೇಡ, ಹೋಗಿ ಅಲ್ಲೇ ಸುರಿದು ಬಾ ಎಂದು ಗಂಡನಿಗೆ ಹೇಳಿದವಳು ಲಕ್ಕಮ್ಮ. ಇವತ್ತಿನ ಅಡುಗೆಗೆ ಎಷ್ಟು ಅಕ್ಕಿ ಬೇಕು ಎಂಬ ಲೆಕ್ಕ ಯಾರಿಗೆ ಗೊತ್ತಿರುತ್ತದೆ? ಒಲೆಯ ಮುಂದೆ ನಿಂತವಳಿಗೆ. ಆ ಲೆಕ್ಕದಿಂದಲೇ ಅವಳ ವಿಚಾರ ಹುಟ್ಟಿತು.

ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ 'ಹದಿಬದೆಯ ಧರ್ಮ' ಎಂಬ ಕಾವ್ಯ ಬರೆದಳು. ಗಂಡನ ಮನೆಯಲ್ಲಿ ಹೆಂಡತಿ ಹೇಗಿರಬೇಕು ಎಂದು ಅದರಲ್ಲಿ ಹೇಳಿರುವುದನ್ನೆಲ್ಲ ನಾವು ಇವತ್ತು ಒಪ್ಪಲಾರೆವು. ಆದರೆ ಅದರ ನಡುವೆಯೇ, ಗಂಡು ಹುಟ್ಟಿದರೆ ಹಿಗ್ಗಿ ಹೆಣ್ಣು ಹುಟ್ಟಿದರೆ ಹೀಗಳೆಯುವವರನ್ನು ಅವಳು ನೇರವಾಗಿ ಪ್ರಶ್ನೆ ಮಾಡುತ್ತಾಳೆ. ಅರಮನೆಯ ಊಳಿಗದವಳು ತಾನು ಕಂಡದ್ದನ್ನು ನುಂಗಿಕೊಳ್ಳಲಿಲ್ಲ, ಹೇಳಿದಳು.

ನಮ್ಮ ನಾಡಿನ ಆಚೆಯ ಒಂದು ಉದಾಹರಣೆ ಕೊಡುತ್ತೇನೆ. ಹತ್ತೊಂಬತ್ತನೆಯ ಶತಮಾನದ ಬಂಗಾಳದಲ್ಲಿ ರಾಸ್‌ಸುಂದರಿ ದೇವಿ ಎಂಬ ಗೃಹಿಣಿ ಇದ್ದಳು. ಹನ್ನೆರಡರ ವಯಸ್ಸಿಗೆ ಮದುವೆ. ಹೆಣ್ಣು ಓದಿದರೆ ಕೇಡು ಎನ್ನುವ ಕಾಲ. ಅವಳು ಮನೆಯಲ್ಲಿದ್ದ ಒಂದು ಗ್ರಂಥದ ಹಾಳೆಯನ್ನು ತೆಗೆದು ಅಡುಗೆಮನೆಯಲ್ಲಿ ಬಚ್ಚಿಟ್ಟುಕೊಂಡಳು. ಮಗ ಅಕ್ಷರ ತಿದ್ದಿದ ತಾಳೆಗರಿಯನ್ನೂ ಇಟ್ಟುಕೊಂಡಳು. ಇದರ ಅಕ್ಷರ ಅದರೊಂದಿಗೆ ಹೋಲಿಸಿ, ಯಾರಿಗೂ ತಿಳಿಯದಂತೆ ಓದು ಕಲಿತಳು. ಮುಂದೆ ವಯಸ್ಸಾದ ಮೇಲೆ 'ಅಮಾರ್ ಜೀಬನ್', ಅಂದರೆ 'ನನ್ನ ಬದುಕು', ಎಂಬ ಪುಸ್ತಕ ಬರೆದಳು. ಬಂಗಾಳಿಯಲ್ಲಿ ಬಂದ ಮೊದಲ ಪೂರ್ಣ ಆತ್ಮಕಥೆ ಅದು. ಅದರಲ್ಲಿ ರಾಜರಿಲ್ಲ, ಯುದ್ಧವಿಲ್ಲ. ಎಲ್ಲರಿಗೂ ಬಡಿಸಿ ತಾನು ಉಣ್ಣಲು ಕೂರುವ ಹೊತ್ತಿಗೆ ಯಾರೋ ಬಂದರು, ಮಗು ಅತ್ತಿತು, ಊಟ ತಪ್ಪಿತು ಎಂಬಂಥ ಸಂಗತಿಗಳಿವೆ. ಇಲ್ಲಿ ಕೂತವರಲ್ಲಿ ಯಾರಿಗೆ ಆ ಅನುಭವ ಇಲ್ಲ? ಕೈ ಎತ್ತಿ ನೋಡೋಣ. ಒಬ್ಬರೂ ಇಲ್ಲ. ನೋಡಿ, ನಾವು 'ವಿಶೇಷ ಅಲ್ಲ' ಎಂದುಕೊಂಡ ಸಂಗತಿಯೇ ಅವಳ ಪುಸ್ತಕವಾಯಿತು.

ಅಕ್ಷರ ಇಲ್ಲದಿದ್ದರೂ ಕೈ ಮಾತಾಡುತ್ತದೆ. ನಮ್ಮ ಧಾರವಾಡ ಸೀಮೆಯ ಕಸೂತಿಯನ್ನೇ ನೋಡಿ. ಅದರ ನಾಲ್ಕು ಹೊಲಿಗೆಗಳ ಹೆಸರು ಗವಂತಿ, ಮುರಗಿ, ನೇಯ್ಗಿ, ಮೆಂತೆ. ಒಂದಕ್ಕೆ ಮಗ್ಗದ ಹೆಸರು, ಒಂದಕ್ಕೆ ಒಗ್ಗರಣೆಯ ಕಾಳಿನ ಹೆಸರು. ತುಳಸಿಕಟ್ಟೆ, ತೊಟ್ಟಿಲು, ತೇರು, ಆನೆ ಹೀಗೆ ಕಣ್ಣೆದುರಿಗೆ ಕಂಡದ್ದೆಲ್ಲ ಸೀರೆಯ ಮೇಲೆ ಬಂತು. ಕೌದಿ ಹೊಲಿಯುವ ಅಜ್ಜಿಯನ್ನು ಕೇಳಿ. ಇದು ಮಗಳ ಬಾಣಂತನದ ಸೀರೆ, ಇದು ಸತ್ತ ತಂಗಿಯ ಕುಬಸ, ಇದು ಮೊಮ್ಮಗನ ಅಂಗಿ ಎಂದು ಒಂದೊಂದು ತುಂಡಿನ ಕಥೆಯನ್ನೂ ಹೇಳುತ್ತಾಳೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಯ ನಾಲ್ಕು ಮೂಲೆಗಳಲ್ಲಿ ಬಟ್ಟೆಯ ಹೂವಿನಂಥ ಮಡಿಕೆ ಇರುತ್ತದೆ. ಅದಿಲ್ಲದಿದ್ದರೆ ಕೌದಿ ಪೂರ್ತಿಯಾಗಲಿಲ್ಲ ಎನ್ನುತ್ತಾರೆ. ಹರಿದದ್ದನ್ನು ಕೂಡಿಸುವ ಕೆಲಸಕ್ಕೂ ಅಂದ ಬೇಕೆಂದು ಅವರಿಗೆ ಯಾವ ಶಾಲೆಯೂ ಕಲಿಸಲಿಲ್ಲ.

ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ನಮಗೆ ಬರುತ್ತದೆ. ತಲೆಮಾರುಗಳಿಂದ ಬಂದಿದೆ.

ಗೆಳತಿ ಹೇಳಿದ ಒಂದು ಮಾತು

ಈಗ ಸ್ವಲ್ಪ ಕಷ್ಟದ ವಿಚಾರಕ್ಕೆ ಬರುತ್ತೇನೆ. ನಮ್ಮ ಹಿರಿಯರು ಕಟ್ಟಿದ್ದೆಲ್ಲ ಹಾಗೆಯೇ ಹಾಡುತ್ತಾ ಹೋದರೆ ಸಾಕೇ?

'ಕೆರೆಗೆ ಹಾರ' ಹಾಡು ನಿಮಗೆಲ್ಲ ಗೊತ್ತು. ಮಲ್ಲನಗೌಡ ಕೆರೆ ಕಟ್ಟಿಸಿದ, ಹನಿ ನೀರು ಬರಲಿಲ್ಲ. ಸೊಸೆಯನ್ನು ಬಲಿ ಕೊಡಬೇಕೆಂದಾಯಿತು. ಹಿರಿಯ ಸೊಸೆ ಹೋದರೆ ಮನೆ ನಡೆಯುವುದು ಹೇಗೆ? ಕಿರಿಯ ಸೊಸೆ ಭಾಗೀರಥಿ ಇದ್ದಾಳಲ್ಲ, ಅವಳೇ ಆಗಲಿ ಎಂದರು. ಗಂಡ ದಂಡಿನಲ್ಲಿ ದೂರ ಇದ್ದಾನೆ. ಸುದ್ದಿ ತಿಳಿದ ಭಾಗೀರಥಿ ತವರಿಗೆ ಓಡಿದಳು. ಮೋರೆ ಬಾಡಿದೆ ಏಕೆ ಎಂದು ಅಪ್ಪ ಕೇಳಿದ. ಅವಳು ನಿಜ ಹೇಳಲಿಲ್ಲ. ಅತ್ತೆಯ ಮನೆಯವರು ಬೇರೆ ಇಡುತ್ತಾರಂತೆ ಎಂದಳು. ಅಷ್ಟೇ ತಾನೇ, ಹೊಲ ಮನೆ ಕೊಡಿಸುತ್ತೇನೆ ಎಂದ ಅಪ್ಪ. ತಾಯಿಗೂ ಅದೇ ಸುಳ್ಳು. ತಾಯಿ ಒಡವೆ ಕೊಡಿಸುತ್ತೇನೆ ಎಂದಳು. ಕೊನೆಗೆ ಗೆಳತಿಯ ಬಳಿ ಹೋಗಿ ಮಾತ್ರ ಅವಳು ನಿಜ ಹೇಳಿದಳು, ನನ್ನನ್ನು ಕೆರೆಗೆ ಬಲಿ ಕೊಡುತ್ತಾರಂತೆ ಎಂದು. ಗೆಳತಿ ಏನಂದಳು? ಕೊಟ್ಟರೆ ಕೊಡಲಿ, ಅವರು ಇಟ್ಟ ಹಾಗೆ ಇರಬೇಕು ಎಂಬರ್ಥದ ಮಾತು ಹೇಳಿದಳು. ಭಾಗೀರಥಿ ತಿರುಗಿ ಹೋದಳು. ಮುಂದಿನದು ಗೊತ್ತೇ ಇದೆ. ಮೆಟ್ಟಿಲು ಮೆಟ್ಟಿಲಿಗೆ ನೀರು ಏರಿತು.

ನಾನು ಈ ಹಾಡನ್ನು ಎಷ್ಟೋ ಸಲ ಕೇಳಿದ್ದೇನೆ, ಹಾಡಿದ್ದೇನೆ. ತ್ಯಾಗದ ಹಾಡು ಎಂದು ಇದನ್ನು ಹೊಗಳುವವರಿದ್ದಾರೆ. ಆದರೆ ನಮ್ಮ ಸಂಘಗಳಿಗೆ ಬರುವ ಹೆಣ್ಣುಮಕ್ಕಳ ಕಷ್ಟ ಕೇಳುತ್ತಾ ಹೋದ ಹಾಗೆ ಈ ಹಾಡಿನಲ್ಲಿ ನನಗೆ ಬೇರೆಯದೇ ಕಾಣಿಸತೊಡಗಿತು. ಹಾಡು ಕಟ್ಟಿದ ಆ ತಾಯಿ ಎಷ್ಟು ಚೆನ್ನಾಗಿ ನೋಡಿದ್ದಾಳೆ! ಮಗಳು ತವರಿಗೆ ಬಂದು ನಿಜ ಹೇಳುವುದಿಲ್ಲ, ಏನೋ ಸಣ್ಣ ನೆಪ ಹೇಳುತ್ತಾಳೆ. ಇವತ್ತೂ ಹಾಗೆಯೇ. "ಜಾರಿ ಬಿದ್ದೆ" ಎನ್ನುತ್ತಾಳೆ. "ಸುಮ್ಮನೆ ನೋಡಿಕೊಂಡು ಹೋಗೋಣ ಅಂತ ಬಂದೆ" ಎನ್ನುತ್ತಾಳೆ. ತವರಿನವರು ಮತ್ತೆ ಕೆದಕಿ ಕೇಳುವುದಿಲ್ಲ. ಹೊಲ, ಒಡವೆ, ದುಡ್ಡು ಕೊಟ್ಟರೆ ಸರಿಹೋಗುತ್ತದೆ ಎಂದುಕೊಳ್ಳುತ್ತಾರೆ. ಇವತ್ತೂ ಹಾಗೆಯೇ. ಇನ್ನೊಂದು ತೊಲ ಬಂಗಾರ ಕೊಟ್ಟು, ಬೈಕು ಕೊಡಿಸಿ ಕಳಿಸುತ್ತಾರೆ. ಹೆಣ್ಣು ಕೊನೆಗೆ ನಿಜ ಹೇಳುವುದು ಗೆಳತಿಯ ಮುಂದೆ. ಇವತ್ತೂ ಹಾಗೆಯೇ. ನಲ್ಲಿಯ ಹತ್ತಿರ, ಹೊಲದ ಬದುವಿನಲ್ಲಿ, ಸಂಘದ ಸಭೆ ಮುಗಿದ ಮೇಲೆ ಚಪ್ಪಲಿ ಹಾಕಿಕೊಳ್ಳುವಾಗ ಮೆಲ್ಲಗೆ ಹೇಳುತ್ತಾಳೆ.

ಅಂದರೆ ಆ ಗೆಳತಿ ಯಾರು? ನೀವು. ನಾನು. ಭಾಗೀರಥಿಯ ಜೀವ ಆ ಒಂದು ಮಾತಿನ ಮೇಲೆ ನಿಂತಿತ್ತು.

ಒಂದು ಹಳ್ಳಿಯಲ್ಲಿ ಎರಡು ದಿನದ ಶಿಬಿರ ನಡೆದಿತ್ತು. ಈ ಹಾಡು ಹಾಡಿ, ಗೆಳತಿಯ ಮನೆಯ ಬಾಗಿಲಿಗೆ ಬಂದಾಗ ನಾನು ನಿಲ್ಲಿಸಿದೆ. "ಈಗ ನೀವೇ ಗೆಳತಿ. ಏನ್ ಹೇಳ್ತೀರಿ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಮುದುಕಿ ಅಂದಳು, "ಮೊದಲ ಒಳಗ ಬಾ, ಕೂಡು, ನೀರ ಕುಡಿ ಅಂತೀನಿ." ಇನ್ನೊಬ್ಬಳು, "ನಿಮ್ಮಪ್ಪಗ ಸುಳ್ಳ್ಯಾಕ ಹೇಳಿದಿ? ನಡಿ, ನಾನೂ ಬರ್ತೀನಿ, ಇಬ್ಬರೂ ಕೂಡಿ ಖರೇ ಹೇಳೂಣು." ಮತ್ತೊಬ್ಬಳು, "ಇವತ್ತ ರಾತ್ರಿ ಆ ಮನಿಗೆ ಹೋಗಬ್ಯಾಡ. ನಮ್ಮ ಮನ್ಯಾಗ ಮಲಕೋ." ಒಬ್ಬ ಹುಡುಗಿ ನಗುತ್ತಾ, "ನೀರ ಬರಲಿಲ್ಲಂದ್ರ ಕೆರಿ ಇನ್ನಷ್ಟು ತೋಡಂತ ಹೇಳ್ರಿ ಆ ಗೌಡಗ" ಎಂದಳು. ಎಲ್ಲರೂ ನಕ್ಕರು. ಆ ನಗುವಿನ ನಡುವೆ ಮೂಲೆಯಲ್ಲಿ ಕುಳಿತ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಅವಳಿಗೆ ಅವಳ ಗೆಳತಿ ಹೇಳಿದ್ದೂ ಹಳೆಯ ಹಾಡಿನ ಮಾತನ್ನೇ. ಹೊಂದಿಕೊಂಡು ಹೋಗು ಎಂದು.

ಆ ದಿನ ನಾವು ಹೊಸ ಹಾಡೇನೂ ಬರೆಯಲಿಲ್ಲ. ಹಳೆಯ ಹಾಡಿನಲ್ಲಿ ಒಬ್ಬಳ ಉತ್ತರ ಬದಲಾಯಿಸಿದೆವು, ಅಷ್ಟೇ. ಅದೇ ಮುಂದೆ ಹತ್ತು ನಿಮಿಷದ ಬೀದಿ ನಾಟಕವಾಯಿತು. ಗೆಳತಿಯ ಬಾಗಿಲಿನ ತನಕ ಆಡುತ್ತೇವೆ. ಅಲ್ಲಿ ನಿಲ್ಲಿಸಿ ನೋಡುತ್ತಾ ನಿಂತ ಜನರನ್ನು ಕೇಳುತ್ತೇವೆ. ಪ್ರತಿ ಊರಿನಲ್ಲೂ ಉತ್ತರ ಬೇರೆ. ಅತ್ತೆಯಂದಿರೂ ಉತ್ತರ ಹೇಳುತ್ತಾರೆ. ಬೀದಿಯಲ್ಲಿ ನಿಂತು ಒಮ್ಮೆ "ನಮ್ಮ ಮನೆಗೆ ಬಾ" ಎಂದು ಹೇಳಿದ ಹೆಂಗಸಿಗೆ, ನಾಳೆ ನಿಜವಾಗಿ ಒಬ್ಬಳು ಬಾಗಿಲು ಬಡಿದಾಗ ಆ ಮಾತು ಬಾಯಿಗೆ ಬರುವುದು ಸುಲಭ. ಹಾಡಿಗೂ ಜೀವಕ್ಕೂ ಸಂಬಂಧವಿದೆ ಎಂದು ಮೊದಲೇ ಹೇಳಿದೆನಲ್ಲ, ಅದು ಇದೇ.

ಎಲ್ಲಿ ನೋಡಬೇಕು?

ಇನ್ನು ಎರಡನೆಯ ಪ್ರಶ್ನೆ. ನಮ್ಮ ದಿನದಲ್ಲಿ ವಿಶೇಷ ಏನಿದೆ? ಮನೆಗೆ ಹೋಗಿ ಮೂರು ವಸ್ತುಗಳನ್ನು ನೋಡಿ ಎಂದು ನಾನು ಹೇಳುತ್ತೇನೆ.

ಒಂದು, ಮದುವೆಯಲ್ಲಿ ಕೊಟ್ಟ ಸಾಮಾನು. ಏನೇನು ಬಂತು ಎಂದು ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆ ಈಗ ಅದು ಎಲ್ಲಿದೆ, ಯಾರು ಬಳಸುತ್ತಾರೆ ಎಂದು ಹೇಳಿ. ಒಂದು ಸಂಘದಲ್ಲಿ ಇದನ್ನು ಮಾಡಿದಾಗ ಬಂದ ಉತ್ತರಗಳು: ಬೈಕು ಗಂಡನದು, ಮಂಚ ಮಾವನದು, ಕಪಾಟಿನ ಕೀಲಿ ಅತ್ತೆಯದು, ಬಂಗಾರ ಗಿರವಿಯಲ್ಲಿದೆ, ಹಿತ್ತಾಳೆ ಕೊಡ ನಾದಿನಿಯ ಮದುವೆಗೆ ಹೋಯಿತು. "ನಿನ್ನ ಹತ್ರ ಏನ್ ಉಳೀತು?" ಎಂದು ಕೇಳಿದರೆ, "ಸಾಲ ರೀ, ನಮ್ಮಪ್ಪಂದು" ಎಂದಳು ಒಬ್ಬಳು. ಇಡೀ ನಾಟಕ ಆ ಪಟ್ಟಿಯಲ್ಲೇ ಇದೆ. ಬೇರೆ ಕಥೆ ಹುಡುಕಬೇಕಾಗಿಲ್ಲ. ಇಂಥ ಪಟ್ಟಿಗೆ ಕಾನೂನಿನ ಬೆಲೆಯೂ ಇದೆ. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲಿ ಬಂತು. ಉಡುಗೊರೆಗಳ ಪಟ್ಟಿಯನ್ನು ಬರೆದು ಸಹಿ ಮಾಡಿ ಇಡಬೇಕೆಂಬ ನಿಯಮ 1985ರಲ್ಲಿ ಬಂತು. ಮದುವೆಗಳಲ್ಲಿ ಮುಯ್ಯಿ ಬರೆಯುತ್ತೇವೆ, ಈ ಪಟ್ಟಿ ಮಾತ್ರ ಬರೆಯುವುದಿಲ್ಲ.

ಎರಡು, ನಿಮ್ಮ ಪಾಸ್‌ಬುಕ್. ಸಂಘದ ಸಾಲ ಯಾರ ಹೆಸರಿನಲ್ಲಿದೆ, ದುಡ್ಡು ಯಾರ ಕೈಗೆ ಹೋಯಿತು, ಕಂತು ಯಾರು ದುಡಿದು ಕಟ್ಟುತ್ತಿದ್ದಾರೆ? ಒಂದು ಊರಿನ ತಂಗಿಯರು ಇದನ್ನೇ ಮೂರು ಸಾಲಿನಲ್ಲಿ ಹಾಡಿದರು:

ಪಾಸಬುಕ್ಕಿನ ಮ್ಯಾಲ ಹೆಸರೇನೊ ನನ್ನದು
ಬೀರೂನ ಕೀಲಿ ಅವರದು, ನನ್ನವ್ವ,
ಕಂತು ಕಟ್ಟುವ ಕೂಲಿ ಯಾರದು?

ಇದನ್ನು ಯಾವ ಕವಿಯೂ ಬರೆದುಕೊಡಲಿಲ್ಲ. ಕಳೆ ತೆಗೆಯುತ್ತಾ ಒಬ್ಬಳು ಒಂದು ಸಾಲು ಹೇಳಿದಳು, ಇನ್ನೊಬ್ಬಳು ಎತ್ತಿಕೊಂಡಳು. ಹಾಡು ಮುಗಿದ ಮೇಲೆ ಆ ಸಂಘದ ಸಭೆಯಲ್ಲಿ, ಸಾಲದ ಹಣ ಸದಸ್ಯೆಯ ಕೈಗೇ ಸೇರಿತೇ ಎಂದು ವಿಚಾರಿಸಬೇಕು ಎಂಬ ಮಾತು ಎದ್ದಿತು. ಲೆಕ್ಕದ ಪುಸ್ತಕ ಎತ್ತದ ಪ್ರಶ್ನೆಯನ್ನು ಹಾಡು ಎತ್ತಿತು.

ಮೂರು, ಒಲೆ. 1980ರ, 90ರ ದಶಕಗಳಲ್ಲಿ ಪತ್ರಿಕೆಗಳ ಮೂಲೆಯಲ್ಲಿ 'ಸ್ಟೌ ಸಿಡಿದು ಗೃಹಿಣಿ ಸಾವು' ಎಂಬ ಸುದ್ದಿ ಮತ್ತೆ ಮತ್ತೆ ಬರುತ್ತಿತ್ತು. ಓದಿದವರು ಅಯ್ಯೋ ಪಾಪ ಎಂದು ಹಾಳೆ ತಿರುವುತ್ತಿದ್ದರು. ಆದರೆ ದಿನಾ ಸ್ಟೌ ಹಚ್ಚುವ ಹೆಂಗಸರು ಬೇರೆ ಪ್ರಶ್ನೆ ಕೇಳಿದರು. ಅದೇ ಸ್ಟೌ ಅತ್ತೆ ಹಚ್ಚಿದಾಗ ಏಕೆ ಸಿಡಿಯುವುದಿಲ್ಲ? ಅಡುಗೆ ಮಾಡುತ್ತಿದ್ದಳು ಎಂದರೆ ಅರ್ಧ ಬೆಂದ ಅನ್ನ ಎಲ್ಲಿ? ಎದುರಿಗಿದ್ದ ಸ್ಟೌ ಸಿಡಿದರೆ ಬೆನ್ನು ಹೇಗೆ ಸುಟ್ಟಿತು? ಇವು ಅಡುಗೆಮನೆಯ ಅನುಭವ ಇದ್ದವರಿಗೆ ಮಾತ್ರ ಹೊಳೆಯುವ ಪ್ರಶ್ನೆಗಳು. ದೆಹಲಿಯಲ್ಲಿ 1979–80ರ ಸುಮಾರಿಗೆ ಮಹಿಳಾ ಸಂಘಟನೆಗಳು ಇಂಥ ಸಾವುಗಳ ವಿರುದ್ಧ ಬೀದಿಗಿಳಿದವು. 'ಓಂ ಸ್ವಾಹಾ' ಎಂಬ ಬೀದಿ ನಾಟಕ ಬಂದದ್ದೂ ಆಗಲೇ. ಮದುವೆಯ ಮಂತ್ರದ ಕೊನೆಯ ಮಾತನ್ನೇ ತೆಗೆದುಕೊಂಡು ಸುಡುವ ಬೆಂಕಿಯ ಕಥೆ ಹೇಳಿದ ನಾಟಕ ಅದು. ಬೆಂಗಳೂರಿನ ವಿಮೋಚನಾ ಸಂಘಟನೆಯವರು 1990ರ ದಶಕದಲ್ಲಿ ಇಂಥ ಸಾವುಗಳನ್ನು ಬರೀ ಅಪಘಾತ ಎಂದು ಮುಚ್ಚಿಹಾಕುವುದನ್ನು ಪ್ರಶ್ನಿಸಿದರು. ಅದಕ್ಕೂ ಮೊದಲೇ, 1979–80ರ ಸುಮಾರಿನಿಂದ ನಡೆದ ಹೋರಾಟಗಳ ಒತ್ತಡದಿಂದ ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ವಿರುದ್ಧ 1983ರಲ್ಲಿ 498ಎ ಕಲಮು, ವರದಕ್ಷಿಣೆ ಸಾವಿನ ವಿರುದ್ಧ 1986ರಲ್ಲಿ 304ಬಿ ಕಲಮು ಬಂದಿದ್ದವು.

ಈಗ ಸ್ಟೌ ಹೋಗಿ ಗ್ಯಾಸ್ ಬಂದಿದೆ. ಬೀಸುಕಲ್ಲು ಹೋಗಿ ಮಿಕ್ಸಿ ಬಂದಿದೆ. ಹಾಡುತ್ತಿದ್ದ ಬಾಯಿಯ ಹತ್ತಿರ ಈಗ ಮೊಬೈಲು ಇದೆ. ಆದರೆ ಆ ಮೊಬೈಲಿನಲ್ಲಿ ಯಾರ ಕರೆ ಬಂತು ಎಂದು ತೋರಿಸು ಎನ್ನುವ ಗಂಡ ಇದ್ದಾನೆ. ಅದೂ ನಮ್ಮ ದಿನದ ಸಂಗತಿಯೇ. ಅದಕ್ಕೂ ಒಂದು ಹಾಡು ಬೇಕು.

ಎಚ್ಚರ ಬೇಕಾದ ಕಡೆ

ಇಷ್ಟು ಹೇಳಿದ ಮೇಲೆ ಕೆಲವು ಎಚ್ಚರದ ಮಾತು ಹೇಳದೆ ಇರಲಾರೆ.

ಪಕ್ಕದ ಮನೆಯವಳ ನೋವು ನಮ್ಮ ನಾಟಕಕ್ಕೆ ಬಿಟ್ಟಿ ಸಾಮಾನಲ್ಲ. ಅವಳು ಗೆಳತಿ ಎಂದು ನಂಬಿ ಹೇಳಿದ್ದನ್ನು ಅವಳ ಒಪ್ಪಿಗೆ ಇಲ್ಲದೆ ಬೀದಿಗೆ ತರಬಾರದು. ಒಪ್ಪಿದರೂ ಹೆಸರು, ಊರು, ಗುರುತು ಬದಲಾಯಿಸಿ. ನಾಟಕ ನೋಡಿದ ಗಂಡನಿಗೆ ಇದು ನನ್ನ ಕಥೆಯೇ ಎಂದು ಗೊತ್ತಾದರೆ ಆ ರಾತ್ರಿ ಹೊಡೆತ ತಿನ್ನುವವಳು ಅವಳು, ನಾವಲ್ಲ. ನಾಲ್ಕು ಮನೆಯ ಕಥೆ ಕಲೆಸಿ ಒಂದು ಮಾಡಿ. ಕೌದಿಯ ಹಾಗೆ ತುಂಡು ಹಲವರದಾಗಿರಲಿ, ಹೊಲಿಗೆ ನಮ್ಮದಾಗಿರಲಿ.

ಎರಡನೆಯದು, ದುಃಖವನ್ನು ಚೆಂದ ಮಾಡಬೇಡಿ. ಸಹಿಸಿಕೊಂಡವಳೇ ದೇವತೆ ಎನ್ನುವ ಹಾಡು ಸಿನಿಮಾದಲ್ಲಿ, ಧಾರಾವಾಹಿಯಲ್ಲಿ ಬೇಕಾದಷ್ಟಿವೆ. ಸಿನಿಮಾದ ಧಾಟಿ ಎತ್ತಿಕೊಳ್ಳಿ, ತಪ್ಪಿಲ್ಲ. ಮಾತು ಮಾತ್ರ ನಿಮ್ಮದಿರಲಿ.

ಮೂರನೆಯದು, ಬರೆಯಲು ಬರುವವರು ಒಂದು ನೋಟ್‌ಬುಕ್ ಇಡಿ. ಬರೆಯಲು ಬಾರದವರು ನಂಬಿಕೆಯ ಒಬ್ಬರಿಗೆ ಹೇಳಿ ಬರೆಸಿ. ಹೊಡೆದಾಟ ನಡೆದಿದ್ದರೆ ದಿನಾಂಕ, ಹೊತ್ತು, ಏನಾಯಿತು, ಯಾರು ನೋಡಿದರು, ಯಾವ ಆಸ್ಪತ್ರೆಗೆ ಹೋದಿರಿ ಎಂಬುದಿರಲಿ. ಆ ಪುಸ್ತಕ ಮನೆಯಲ್ಲಿ ಇಡುವುದು ಅಪಾಯವಾದರೆ ಗೆಳತಿಯ ಮನೆಯಲ್ಲಿ ಇಡಿ. ಇವತ್ತು ಹಾಡಿಗೆಂದು ಬರೆದಿಟ್ಟದ್ದು ನಾಳೆ ದೂರು ಕೊಡುವಾಗ ನೆನಪಿಗೆ ಆಧಾರವಾಗುತ್ತದೆ.

ದೂರು ಎಂದೆನಲ್ಲ, ಇಷ್ಟು ನೆನಪಿಡಿ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಗಂಡನ ಮನೆಯ ಕ್ರೌರ್ಯಕ್ಕೆ ಈಗ 85 ಮತ್ತು 86ನೆಯ ಕಲಮು, ವರದಕ್ಷಿಣೆ ಸಾವಿಗೆ 80ನೆಯ ಕಲಮು. ಕಲಮಿನ ಸಂಖ್ಯೆ ಬದಲಾಗಿದೆ, ಅಪರಾಧ ಅಪರಾಧವಾಗಿಯೇ ಇದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಪ್ರಕಾರ ಹೊಡೆತ ಮಾತ್ರವಲ್ಲ, ಬೈಗುಳ, ಲೈಂಗಿಕ ಹಿಂಸೆ, ದುಡ್ಡು ಕೊಡದೆ ಅಥವಾ ಕಿತ್ತುಕೊಂಡು ಕಾಡುವುದೂ ದೌರ್ಜನ್ಯವೇ. ಮನೆ ಯಾರ ಹೆಸರಿನಲ್ಲೇ ಇರಲಿ, ಹೆಂಡತಿಗೆ ಅಲ್ಲಿ ವಾಸಿಸುವ ಹಕ್ಕಿದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ಜೀವಕ್ಕೆ ಅಪಾಯವಿದ್ದರೆ 112. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ. ಭಾಗೀರಥಿಯ ಗೆಳತಿಗೆ ಇದಾವುದೂ ಇರಲಿಲ್ಲ. ನಮಗಿದೆ. ಆದ್ದರಿಂದ ನಮ್ಮ ಉತ್ತರವೂ ಬೇರೆಯಾಗಬೇಕು.

ಮುಂದಿನ ಸಭೆಗೆ

ನೀವು ಪ್ರತಿ ವಾರ ಉಳಿತಾಯದ ಹಣ ತರುತ್ತೀರಿ. ಮುಂದಿನ ವಾರದಿಂದ ಅದರ ಜೊತೆ ಒಂದು ಮಾತನ್ನೂ ತನ್ನಿ. ಆ ವಾರ ಕಂಡದ್ದು, ಕೇಳಿದ್ದು, ಮನಸ್ಸಿಗೆ ಚುಚ್ಚಿದ್ದು, ನಗಿಸಿದ್ದು ಯಾವುದಾದರೂ ಸರಿ. "ಇವತ್ತ ಮಗಳು ನನಗ ರೊಟ್ಟಿ ಬಡದ ಹಾಕಿದಳು" ಎಂಬ ಮಾತೂ ಆದೀತು. ನೋವು ಮಾತ್ರ ಹಾಡಾಗಬೇಕು ಎಂದೇನಿಲ್ಲ. ನಮ್ಮ ನಗು, ನಮ್ಮ ಸರಸ, ನಮ್ಮ ಸಿಟ್ಟು ಎಲ್ಲವೂ ಅದರಲ್ಲಿ ಬರಲಿ. ಹಣ ಎಣಿಸಿ ಮುಗಿದ ಮೇಲೆ ಹತ್ತು ನಿಮಿಷ ಆ ಮಾತುಗಳನ್ನು ಒಬ್ಬೊಬ್ಬರಾಗಿ ಹೇಳಿ. ಯಾರೂ ತಿದ್ದಬೇಡಿ, ಯಾರೂ ನಗೆಯಾಡಬೇಡಿ. ಇಬ್ಬರ ಮಾತು ಒಂದಕ್ಕೊಂದು ಹೊಂದಿದಾಗ ಯಾರಾದರೂ ರಾಗ ಎತ್ತೇ ಎತ್ತುತ್ತಾರೆ.

ಯಾವತ್ತೂ ಮಾತಾಡದ ಸದಸ್ಯೆ ಒಬ್ಬಳು ಪ್ರತಿ ಸಂಘದಲ್ಲೂ ಇರುತ್ತಾಳೆ. ಅವಳ ಪಾಳಿ ಬಂದಾಗ ಅವಸರ ಮಾಡಬೇಡಿ, ಕಾಯಿರಿ. "ನಂದೇನಿಲ್ಲ" ಎಂದರೆ ಸರಿ, ಮುಂದಿನ ವಾರ ಮತ್ತೆ ಕೇಳಿ. ಅವಳು ಬಾಯಿ ಬಿಡುವ ದಿನ ಅದು ಹಾಡಿನ ಸಾಲಾಗಿರಬಹುದು, ಭಾಗೀರಥಿಯ ಮಾತೂ ಆಗಿರಬಹುದು. ಎರಡನ್ನೂ ಕೇಳಿಸಿಕೊಳ್ಳಲು ನೀವು ತಯಾರಾಗಿರಿ. ಏನು ಹೇಳಬೇಕು ಎಂಬುದನ್ನು ಇವತ್ತೇ ಮನೆಗೆ ಹೋಗುವ ದಾರಿಯಲ್ಲಿ ಯೋಚಿಸಿ.